ಕಂಬ ನಲವತ್ತೊಂದು

ಮೊದಲನೇ ಮಳಿಗಾಲದಾಗ ನಾ ತಪ್ಪ ತಿಳಕೊಂಡಿದ್ದೆ.
ಕಣಕುಂಬಿ ಆಚಿ, ಚೋರ್ಲಾ ಕಡೆ ಇಳಿಯೋ ದಾರ್ಯಾಗ
ಕಂಬದ ಬುಡಕ ರಾತ್ರಿ ಟಿಕ್... ಟಿಕ್ ಟಿಕ್...
ಎಲ್ಲೋ ಪಿಂಗಾಣಿ ಸೀಳೇತಿ, ಕರೆಂಟು ಸೋರಾಕ್ಹತ್ತೈತಿ ಅಂತ
ಬ್ಯಾಟ್ರಿ ಹಿಡಕೊಂಡು, ರಬ್ಬರ್ ಬೂಟು ಮೆಟ್ಟಿ ಹೋದೆ.
ಮ್ಯಾಲ ನೋಡಿದ್ರ ಬರೀ ಮಂಜು, ತಂತಿ ಸೈತ ಕಾಣವಲ್ದು.

ನಾ ಹುನಗುಂದದ ಕಡ್ಯಾವ. ಎರಿ ಹೊಲದ ಮನಷ್ಯಾ.
ನಮ್ಮಲ್ಲಿ ಕಪ್ಪಿ ಅಂದ್ರ ಅಂಗೈ ತುಂಬೋ ಕಪ್ಪಿ,
ವರ್ಷಕ್ಕೊಮ್ಮೆ ಬಿರುಕಿನಾಗಿಂದ ಎದ್ದು
ಇಡೀ ಊರಿನ ನಿದ್ದಿ ಕೆಡಿಸಿ, ನೀರಿಳಿದ ಮ್ಯಾಲ
ಹೇಳದ ಕೇಳದ ಮಣ್ಣಿಗೆ ಹೋಗೂವಂಥಾದ್ದು.

ಇದು ಹಂಗಲ್ಲ.
ಕುರಚಲ ಗಿಡದ ಎಲಿ ಮ್ಯಾಲ, ಹುಣಸಿ ಬೀಜದಷ್ಟು.
ಮೈ ಒಣಗಿದೆಲಿ ಬಣ್ಣ, ಕಣ್ಣಿಗೆ ಬಂಗಾರದ ಅಂಚು,
ಗಂಟಲು ಉಬ್ಬಿಸಿದ್ರ ತನಗಿಂತ ದೊಡ್ಡ ಗುಳ್ಳಿ.
ಹೆಸರು ಕೇಳಿದೆ. ಪುಂಡಲೀಕ ಗಾವಡೆ ತಲಿ ಕೆರಕೊಂಡಾ:
"ಇಷ್ಟ್ ಸಣ್ಣದಕ್ಕ ಯಾರ್ ಹೆಸರಿಡ್ತಾರ್ರಿ ಸಾಹೇಬ್ರ?"

ಅಂವನ ತೋರಿಸಿದ್ದು. ತೊಯ್ದ ಎಲಿ ಸರಿಸಿದ್ರ
ಹಾವಸಿಯೊಳಗ ಸಾಬೂದಾನಿಯಂಥಾ ತತ್ತಿ.
ಕೆರಿ ಬ್ಯಾಡ, ಹೊಂಡ ಬ್ಯಾಡ, ಈಸೂದಂತೂ ಬ್ಯಾಡ.
ಬಾಲ ಬರೂದೂ ಹೋಗೂದೂ ತತ್ತಿಯೊಳಗ ಮುಗೀತೈತಿ.
ಒಡದ್ರ ಕಾಲಿದ್ದ ಕಪ್ಪಿನ ಹೊರಗ,
ಜ್ವಾಳದ ಕಾಳಷ್ಟು, ಆಗ್ಲೇ ಜಿಗಿಯೂದು ಕಲತದ್ದು.
ಅದಕ್ಕ ಬೇಕಾದ್ದು ಇಷ್ಟ: ನೆರಳು, ಕೊಳಿಯೋ ಎಲಿ,
ಯಾರೂ ಒರಸದ ಹಸಿ.

ಆಗಸ್ಟದಾಗ ಆರ್ಡರ್ ಬಂತು.
ತಂತಿ ಕೆಳಗಿನ ಗಿಡಗಂಟಿ ಹಸನ ಮಾಡ್ರಿ, ಫೋಟೋ ಕಳಿಸ್ರಿ.
ಕಳಿಸಿದೆ. ಕತ್ತಿ ನಂದ, ಕೈನೂ ನಂದ.
ಲಾಗ್ ಬುಕ್ಕಿನ್ಯಾಗ ಬರದೆ: ಕಂಬ ನಲವತ್ತೊಂದು, ದೋಷ ಇಲ್ಲ.
ಅವತ್ ರಾತ್ರಿ ಖೋಲ್ಯಾಗ ಬಲ್ಬು ಉರಿಯಾಕ್ಹತ್ತಿತ್ತು.
ಆದ್ರೂ ಎದ್ದೆದ್ದು ಸ್ವಿಚ್ ಮುಟ್ಟಿ ನೋಡಿದೆ,
ಎಲ್ಲೋ ಕರೆಂಟ್ ಹೋದಂಗ ಅನಸ್ತಿತ್ತು.

ಮಳಿ ಒಂದ ಸವನ. ನಡುವ ಎರಡ ಸಲ ಟಿಸಿ ಸುಡ್ತು,
ಮರ ಬಿತ್ತು, ಜಾಂಬೋಟಿ ತನಕ ಕತ್ತಲಿ.
ಕೆಲಸದಾಗ ಮರತೆ ಅಂದ್ರ ಸುಳ್ಳಲ್ಲ.

ಆಮ್ಯಾಲೊಂದಿನ ನಡುರಾತ್ರಿ ಪುಂಡಲೀಕನ ಫೋನು:
"ಸಾಹೇಬ್ರ, ನಮ್ಮ ಮೀಟರ್ ಡಬ್ಬಿ ಹಿಂದ
ಏನೋ ಟಿಕ್ ಟಿಕ್ ಅನ್ನಾಕ್ಹತ್ತೈತಿ. ಬಂದು ನೋಡ್ತೀರೇನು?"
ನಗು ಹಿಡಕೊಂಡ ಮಾತಾಡಾಕ್ಹತ್ತಿದ್ದಾ, ಗೊತ್ತಾತು.
ಕತ್ತಲ್ಯಾಗ ಬೂಟು ಹುಡುಕಿದೆ, ಒಂದ ಸಿಕ್ತು.
ದಿನಾ ಹೇಳೋ ಮಾತ ಬಾಯಿಗೆ ಬಂತು:
ಯಾರೂ ಮುಟ್ಟಬ್ಯಾಡ್ರಿ, ಬಂದೆ.