ನೆತ್ತಿಗೆ ಹತ್ತಿದ್ದು

ದುದ್ದದಲ್ಲಿ ಬೀಗರೂಟ. ಮೂರನೇ ಪಂಕ್ತಿ.
ಮುದ್ದೆ ಮುರಿದು ಸಾರಿಗದ್ದುವ ಹೊತ್ತಿಗೆ
ಬೀಗ ಕಾಳೇಗೌಡ ತನ್ನ ಹಳೇ ಲೂನಾದ ಕತೆ ತೆಗೆದ.
ನಕ್ಕೆ. ಬಾಯಲ್ಲಿ ತುತ್ತಿತ್ತು.
ಕಣ್ಣಲ್ಲಿ ನೀರು, ಮೂಗಲ್ಲಿ ಖಾರ,
ತಿಮ್ಮಕ್ಕ ಓಡಿ ಬಂದು ನೆತ್ತಿ ತಟ್ಟಿದಳು:
"ಯಾರೋ ನೆನೆಸ್ಕತಾವ್ರೆ ಕಣೋ, ನೀರು ಕುಡಿ."
ಕುಡಿದೆ. ನಿಂತಿತು. ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಹಾಸನದ ಆಲೂಗಡ್ಡೆ ಮಂಡಿಯಲ್ಲಿ
ಹರಾಜು ಕೂಗುವುದು ನನ್ನ ಕಸುಬು.
ಇಪ್ಪತ್ತೆರಡು ವರ್ಷ ಒಂದೇ ಉಸಿರಿಗೆ
ಎಂಟುನೂರರಿಂದ ಸಾವಿರದ ಹತ್ತಕ್ಕೆ ಏರಿದವನು
ಆ ಭಾದ್ರಪದದಲ್ಲಿ ಒಂಬೈನೂರಕ್ಕೇ ನಿಂತು ಕೆಮ್ಮಿದೆ.
ಮಣ್ಣಿನ ಧೂಳು ಅಂದರು.
ಬೀಡಿ ಅಂದರು, ನಾನು ಸೇದುವವನಲ್ಲ.

ವರ್ಷಕ್ಕೆರಡು ಸಲ ನ್ಯುಮೋನಿಯಾ. ಬಲಗಡೆಯೇ, ಕೆಳಗೇ.
ಕಫ ಮೂರು ಸಲ ಪರೀಕ್ಷೆಗೆ ಹೋಯಿತು, ಏನೂ ಸಿಗಲಿಲ್ಲ,
ಆದರೂ ಆರು ತಿಂಗಳು ಕ್ಷಯದ ಮಾತ್ರೆ,
ಕೆಂಪು ಮೂತ್ರ, ಬೇರೆ ತಟ್ಟೆ, ಬೇರೆ ಲೋಟ.
ದೇವೀರಿ ಏನೂ ಅನ್ನಲಿಲ್ಲ; ಮೊಮ್ಮಗುವನ್ನು ಮಾತ್ರ
ನನ್ನ ಚಾಪೆಯಿಂದ ಎತ್ತಿಕೊಂಡು ಹೋಗುತ್ತಿದ್ದಳು.
ಉಸಿರಲ್ಲಿ ನಾತ. ನನಗೇ ಗೊತ್ತಾಗುತ್ತಿತ್ತು.

ತಿಮ್ಮಕ್ಕ ತೀರಿಕೊಂಡಾಗ ಹೆಗಲು ಕೊಡಲು ಹೋಗಿ
ನಾಲ್ಕು ಹೆಜ್ಜೆಗೆ ಕೂತುಬಿಟ್ಟೆ.

ನಾಲ್ಕನೇ ವರ್ಷ, ದೊಡ್ಡಾಸ್ಪತ್ರೆ.
ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಸಬೀಹಾ ಅಂತ,
ಫಿಲ್ಮು ಕೆಳಗಿಟ್ಟು ಕೇಳಿದರು:
"ಊಟ ಮಾಡ್ತಾ ಯಾವತ್ತಾದ್ರೂ ನೆತ್ತಿಗೆ ಹತ್ತಿತ್ತಾ?"
ಮಾತ್ರೆ ಬರೆದವರು ಯಾರೂ ಇದನ್ನು ಕೇಳಿರಲಿಲ್ಲ.
ನೆತ್ತಿಗೆ ಹತ್ತದ ಮನುಷ್ಯ ಯಾರಿದ್ದಾನೆ?
ಇಲ್ಲ ಅಂದೆ.
ಬಾಗಿಲ ತನಕ ಹೋಗಿ ತಿರುಗಿದೆ.

ಕ್ಯಾಮೆರಾದ ಕೊಳವೆ ಮೂಗಿನಿಂದ ಇಳಿಯಿತು.
ಹುಣಸೆ ಬೀಜದ ಅರ್ಧದಷ್ಟು ಮೂಳೆಚೂರು,
ಸುತ್ತ ಮಾಂಸ ಬೆಳೆದು
ತನ್ನದೇ ಎಂದುಕೊಂಡಿತ್ತು.
ನೆತ್ತಿಗೆ ಅಂತ ನಾವೆಲ್ಲ ಅಂದದ್ದು
ಮೇಲಕ್ಕೆ ಹೋಗಿರಲೇ ಇಲ್ಲ.

ಕೆಳಗಿನ ಒಂದು ಮೂಲೆ ಇನ್ನು ತೆರೆಯದಂತೆ.
ಹರಾಜು ಈಗ ಹುಡುಗ ಕೂಗುತ್ತಾನೆ,
ನಾನು ಚೀಟಿ ಬರೆಯುತ್ತೇನೆ.
ಆ ಬೇರೆ ತಟ್ಟೆಯನ್ನು ದೇವೀರಿ
ಕೋಳಿಗಳಿಗೆ ನೀರಿಡಲು ಹಿತ್ತಿಲಿಗೆ ಹಾಕಿದಳು,
ಒಂದು ಮಾತೂ ಆಡದೆ.

ಊಟದ ಮಧ್ಯೆ ಒಣಕೆಮ್ಮು ಬಂದರೆ
ಎಡಗೈ ತಾನಾಗಿ ನೆತ್ತಿಗೆ ಹೋಗುತ್ತದೆ.
ತಿಮ್ಮಕ್ಕನ ಕೈ ಭಾರ ಇತ್ತು, ಬಳೆ ತಾಗುತ್ತಿತ್ತು.
ತಟ್ಟಿಕೊಳ್ಳುತ್ತೇನೆ.
ನೆನೆಸಿಕೊಳ್ಳುತ್ತಿರುವವನು ನಾನೇ.