ಎಡ ಮೊಣಕಾಲು, ಎರಡು ಕೋನ

ಕರ್ವೆ ರಸ್ತೆಯ ಕ್ಲಿನಿಕ್ಕಿನಲ್ಲಿ ಎಳೆಯ ಡಾಕ್ಟರು
ನನ್ನ ಮೂಳೆಯನ್ನು ದೀಪಕ್ಕೆ ಹಿಡಿದು,
ಮಂಡಿಯ ಕೆಳಗೆ ಬಳ್ಳಿಯ ಹಾಗೆ ಸುತ್ತಿ ಹೋದ
ಒಂದು ಹಳೆಯ ಬಿಳಿ ಗೆರೆ ತೋರಿಸಿ
'ಇದು ಯಾವಾಗಿನದು, ಕಾಕೂ?' ಅಂದ.

ಮಗಳು ನನ್ನ ಕಡೆ ತಿರುಗಿದಳು.
ಅವಳಿಗೆ ಗೊತ್ತಿರುವುದಿಷ್ಟು: ರಾಸ್ತಾ ಪೇಟೆಯ ಚಾಳು,
ನಲ್ಲಿಯ ನೀರು, ಪಾಚಿ, ಜಾರಿದ ಕಾಲು.
ನಮ್ಮಮ್ಮನಿಗೂ ಅದನ್ನೇ ಹೇಳಿದ್ದು.
ನಲವತ್ತು ವರ್ಷ ಸಾಕಿದರೆ
ಸುಳ್ಳಿಗೂ ಕೂದಲು ನೆರೆಯುತ್ತದೆ.

ಜಾರಿದ್ದು ನಿಜ. ನೀರಂದದ್ದೂ ನಿಜವೇ,
ಹೆಪ್ಪುಗಟ್ಟಿತ್ತು ಅನ್ನುವುದೊಂದು ಬಿಟ್ಟೆ.

ಮೊದಲು ವೇತಾಳ ಟೇಕಡಿ, ಜನವರಿಯ ಒಣ ಹುಲ್ಲು.
ಶಿರೀಷ ಗದ್ರೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಿಚ್ಚಿ,
ತಳಕ್ಕೆ ಮೇಣದಬತ್ತಿ ಉಜ್ಜಿ,
'ಹುಲ್ಲಿಗೂ ಹಿಮಕ್ಕೂ ಏನಂಥಾ ವ್ಯತ್ಯಾಸ' ಅಂದ.
ವ್ಯತ್ಯಾಸ ಇತ್ತು. ಹುಲ್ಲಿನಡಿ ಕಲ್ಲಿತ್ತು.
ಹೂಫ್ರಿಜಳ ಗದ್ದಕ್ಕೆ ಮೂರು ಹೊಲಿಗೆ.
ನವಿಲೊಂದು ನಿಂತು ನೋಡಿ, ಕೂಗಿ, ಹೋಯಿತು.

ಜೂನಾ ಬಜಾರಿನಲ್ಲಿ ಇಪ್ಪತ್ತೆಂಟು ರೂಪಾಯಿಗೆ ಮಿಲಿಟರಿ ಕೋಟು.
ಕಾಲರಿನೊಳಗೆ ಕೆಂಪು ದಾರದಲ್ಲಿ ಯಾರದೋ ಹೆಸರು,
'ಬಹಾದ್' ಅಂತ. ಉಳಿದದ್ದು ಇಲಿಯ ಪಾಲು.
ಮೂರು ಚಳಿಗಾಲ ಆ ಅರ್ಧ ಹೆಸರಿನವನ ತೋಳುಗಳೊಳಗೆ
ಝೇಲಂ ಎಕ್ಸ್‌ಪ್ರೆಸ್ಸಿನ ಮೇಲಿನ ಬರ್ತಿನಲ್ಲಿ ಮಲಗಿದೆ.
ಎನ್.ಸಿ.ಸಿ. ಕ್ಯಾಂಪಿಗೆಂದು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ
ಭೋಪಾಲಿಗೇ ಖಾಲಿ.
'ಇನ್ನೂ ಇದೆಯಾ, ಕಾನಡೀ?' ಅನ್ನುತ್ತಾ ಉಬೇದ
ಡಬ್ಬಿಯ ತಳವನ್ನು ಬೆರಳಲ್ಲಿ ಒರೆಸಿದ.

ಗುಲ್ಮಾರ್ಗಿನಲ್ಲಿ ಅಸದುಲ್ಲಾ ಉಸ್ತಾದರ ಪಾಠ ಎರಡೇ.
ಮಂಡಿ ಬಾಗಲಿ.
ಎತ್ತ ನೋಡುತ್ತೀಯೋ ಹಲಗೆ ಅತ್ತ ಹೋಗುತ್ತದೆ,
ಮರ ನೋಡಿದರೆ ಮರಕ್ಕೆ.

ಬಾಡಿಗೆ ಬೂಟು ಎರಡು ಸೈಜು ದೊಡ್ಡದು,
ಒಳಗೆ ಮರಾಠಿ ಪೇಪರು ತುರುಕಿ,
ಲಿಫ್ಟಿಗೆ ದುಡ್ಡಿಲ್ಲದೆ ಹಲಗೆ ಹೆಗಲಿಗೇರಿಸಿ
ಮುಕ್ಕಾಲು ಗಂಟೆ ಹತ್ತುವುದು,
ಮುಕ್ಕಾಲು ನಿಮಿಷ ಇಳಿಯುವುದು.
ಆ ಮುಕ್ಕಾಲು ನಿಮಿಷ
ಲಕ್ಷ್ಮೀ ರಸ್ತೆಯ ಅಂಗಡಿಯವನು ಥಾನಿನಿಂದ ಬಟ್ಟೆ ಹರಿಯುವ ಸದ್ದು
ಕಿವಿಯ ಪಕ್ಕದಲ್ಲೇ, ನಿಲ್ಲದೆ.
ಎರಡು ಸಲ ಡುಮ್ಕಿ ಹೊಡೆದ ಪರೀಕ್ಷೆ,
ಅಪ್ಪನ ಖಡ್ಕಿ ಫ್ಯಾಕ್ಟರಿಯ ಸೈರನ್ನು,
ಸೋಲಾಪುರದಿಂದ ಬಂದ ಜಾತಕ,
ಯಾವುದಕ್ಕೂ ನನ್ನ ಹಿಂದೆ ಓಡಿಬರುವ ದಮ್ಮಿರಲಿಲ್ಲ.

ಮೂರನೆಯ ವರ್ಷ, ಎಂಬತ್ತಾರರ ಫೆಬ್ರವರಿ.
ಇಳಿಜಾರಿನ ಕೊನೆಗೆ ಒಂದು ಪೈನ್ ಮರ,
ಅದರಾಚೆ ಹಲಗೆ ಬಿಚ್ಚುತ್ತಾ ಕೂತ ಉಬೇದ.

ನಾನು ಮರವನ್ನು ನೋಡಲಿಲ್ಲ.

ಕಬ್ಬಿನ ಜಲ್ಲೆ ಮುರಿದಷ್ಟೇ ಸದ್ದು.
ಅವನ ಮೂಗಿನ ರಕ್ತ ಬಹಾದ್‌ನ ಕೋಟಿನ ಮೇಲೆ,
ಇಬ್ಬರೂ ಹಿಮದಲ್ಲಿ ಕವುಚಿ ನಗುತ್ತಿದ್ದೇವೆ.
ನೋವು ಪಿ.ಎಂ.ಟಿ. ಬಸ್ಸಿನ ಹಾಗೆ
ತಡವಾಗಿ, ಒಟ್ಟೊಟ್ಟಿಗೆ ಬಂತು.

ವಾಪಸು ಬರುವಾಗ ಶಿರೀಷ
ನನ್ನ ಪ್ಲಾಸ್ಟರಿನ ಮೇಲೆ ಇಸ್ಪೀಟು ಹಂಚಿದ.
ಉಬೇದ ಏನೂ ಹೇಳಲಿಲ್ಲ. ನಾನೂ.
ಮನ್ಮಾಡದಲ್ಲಿ ಇಳಿದು ನನಗೊಂದು ಚಹಾ ತಂದ,
ಸಕ್ಕರೆ ಕಮ್ಮಿ ಅಂತ ಮತ್ತೆ ಹೋಗಿ ಹಾಕಿಸಿ ತಂದ.

ಶಿರೀಷನ ಸ್ಕೀ ಈಗ ಅವನ ಅಡುಗೆಮನೆಯ ಶೆಲ್ಫು.
ಬಾಗಿದ ತುದಿ ಉಪ್ಪಿನಕಾಯಿ ಜಾಡಿ ಬೀಳದಂತೆ ಕಾಯುತ್ತದೆ.
ಹೂಫ್ರಿಜ್ ಪತೇತಿಯ ದಿನ ಫೋನು ಮಾಡುತ್ತಾಳೆ;
ಮಳೆಗಾಲದಲ್ಲಿ ಹೊಲಿಗೆ ತುರಿಸುತ್ತದಂತೆ.
ಕೊಂಢ್ವಾದಲ್ಲೊಂದು ಗೀಸರ್ ಅಂಗಡಿ.
ಹೋದ ವರ್ಷ ರಸ್ತೆಯಾಚೆಯಿಂದ ನೋಡಿದೆ,
ಮೂಗು ಇನ್ನೂ ಸ್ವಲ್ಪ ಎಡಕ್ಕೆ.

'ಕಾಕೂ?'

'ನಲ್ಲಿ ಕಟ್ಟೆ,' ಅಂದೆ. 'ಪಾಚಿ.'

ಅವನು ಗೆರೆಯ ಮೇಲೆ ಪೆನ್ನಿನ ಮುಚ್ಚಳ ಆಡಿಸಿದ.
'ನಲ್ಲಿಯ ಹತ್ತಿರ ಬಿದ್ದರೆ ಮೂಳೆ ಹೀಗೆ ತಿರುಚುವುದಿಲ್ಲ.
ಇದರಲ್ಲಿ ವೇಗ ಇದೆ.'

ಮಗಳು ನನ್ನನ್ನೇ ನೋಡುತ್ತಿದ್ದಳು.
ನಾನು ಕಿಟಕಿಯಾಚೆ ರಿಕ್ಷಾಗಳನ್ನು ನೋಡಿದೆ,
ಒಂದೊಂದಾಗಿ, ನಂಬರು ಸಮೇತ.
ಬೇರೆತ್ತ ನೋಡಿದ್ದರೂ
ಅತ್ತಲೇ ಹೋಗಿಬಿಡುತ್ತಿದ್ದೆ.