ಎಡಗಡೆಯ ಎರಡಿಂಚು

ರಾಯಚೂರಿನ ಕೋರ್ಟಿನಲ್ಲಿ ಹನ್ನೊಂದು ವರ್ಷ
ಶೀಘ್ರಲಿಪಿ ಬರೆದ ಕೈ ಇದು.
ಸಾಕ್ಷಿ ತಡವರಿಸಿದರೂ ಬರೆ, ಸುಳ್ಳಾಡಿದರೂ ಬರೆ,
ತೂಗಿ ನೋಡುವುದು ನಿನ್ನ ಕೆಲಸವಲ್ಲ, ಎಂದಿದ್ದರು
ಶಿರಸ್ತೇದಾರ ಗವಿಸಿದ್ದಯ್ಯ
ಮೊದಲ ದಿನ, ಮೂರು ಪೆನ್ಸಿಲು ಚೂಪು ಮಾಡಿ ಕೊಟ್ಟು.

ಈಗ ಹಲ್ ಪಟ್ಟಣದಲ್ಲಿ, ಹಂಬರ್ ನದಿಯ ಗಾಳಿಗೆ
ಕಿಟಕಿ ಸಿಳ್ಳೆ ಹಾಕುವ ಪಾಠದ ಕೋಣೆಯಲ್ಲಿ
ಕೆರಿ ಬ್ಲೆಂಕಿನ್ ಪಕ್ಕ ಕೂರುತ್ತೇನೆ, ಮಂಗಳವಾರ, ಶುಕ್ರವಾರ.
ಅವಳಿಗೆ ಕಿವಿ ಕೇಳದು. ಕಣ್ಣೆಲ್ಲ ಪ್ರೊಫೆಸರರ ತುಟಿಯ ಮೇಲೆ.
ತುಟಿ ಓದುವವರು ತಲೆ ತಗ್ಗಿಸಿ ಬರೆಯುವಂತಿಲ್ಲ,
ತಗ್ಗಿಸಿದರೆ ಒಂದು ವಾಕ್ಯ ಸಮುದ್ರಪಾಲು.
ಅದಕ್ಕೇ ನಾನು,
ಗಂಟೆಯ ಲೆಕ್ಕದ ಸಂಬಳಕ್ಕೆ, ಅವಳ ಪಾಲಿನ ಪೆನ್ನು.

ಮೊದಲ ವಾರ ಹದಿನಾಲ್ಕು ಪುಟ. ಒಂದು ಪದ ಬಿಟ್ಟಿರಲಿಲ್ಲ.
ಪ್ರೊಫೆಸರ್ ಥ್ವೇಟ್ ಕೆಮ್ಮಿ, 'ಎಲ್ಲಿದ್ದೆ ನಾನು?' ಎಂದದ್ದೂ ಇತ್ತು.
ತೀರ್ಪಿನ ನಕಲು ಕೊಡುವ ಗತ್ತಿನಲ್ಲಿ ಕೊಟ್ಟೆ.
ಕ್ಯಾಂಟೀನಿನಲ್ಲಿ ಚಿಪ್ಸಿಗೆ ವಿನಿಗರ್ ಸುರಿಯುತ್ತ ಓದಿದಳು,
ಫೋನಿನಲ್ಲಿ ಟೈಪಿಸಿ ನನ್ನತ್ತ ತಿರುಗಿಸಿದಳು:
'ಎಲ್ಲರೂ ಇದ್ದಾರೆ ಇದರಲ್ಲಿ. ನಾನು ಎಲ್ಲಿ ಕೂರಲಿ?'

ಸಿಟ್ಟು ಬಂತು. ಬಸ್ಸಿಳಿಯುವವರೆಗೂ ಇಳಿಯಲಿಲ್ಲ.
ಇಲ್ಲಿಯ ಅಂಗಡಿಯ ಬೇಳೆಯಲ್ಲಿ ಕಲ್ಲಿರುವುದಿಲ್ಲ,
ಆದರೂ ತಟ್ಟೆಗೆ ಸುರಿದು ಆರಿಸುವ ಚಟ ನನಗೆ.
ಆ ರಾತ್ರಿ ಆರಿಸುತ್ತಲೇ ಕೈ ನಿಂತಿತು:
ಕಲ್ಲಿಲ್ಲದ ಕಡೆ ಇಷ್ಟು ಹುಡುಕುವವಳು
ಮಾತಿನ ರಾಶಿಯನ್ನು ಹಾಗೆಯೇ ಒಲೆಗೆ ಇಟ್ಟೆನಲ್ಲ.

ಮುಂದಿನ ಪಾಠಕ್ಕೆ ಸ್ಕೇಲು ಒಯ್ದೆ.
ಎಡಕ್ಕೆ ಎರಡಿಂಚು ಬಿಟ್ಟು ಗೀಟೆಳೆದೆ.
ಬಲಕ್ಕೆ ಅವರು ಹೇಳಿದ್ದು. ಎಡಕ್ಕೆ ಏನೂ ಇಲ್ಲ,
ಅದು ಕೆರಿಯ ಕುರ್ಚಿ.

ಬರೆಯದೆ ಕೇಳುವುದು ಎಷ್ಟು ಕಷ್ಟ!
ಪೆನ್ನು ಕುದುರೆಯ ಹಾಗೆ ನೆಲ ಕೆರೆಯುತ್ತದೆ.
ವಾಕ್ಯ ಮುಗಿಯಲಿ, ತಾಳು. ಅರ್ಥ ಇಳಿಯಲಿ, ತಾಳು.
'ಆದ್ದರಿಂದ' ಎಂದರೆ ಒಂದು ಬಾಣ, 'ಆದರೆ' ಎಂದರೆ ಕೊಕ್ಕೆ.
ಉದಾಹರಣೆ ನಾಲ್ಕು ಕೊಟ್ಟರೆ ಒಂದನ್ನು ಹಿಡಿ.
ಮೂರು ಸಲ ಹೇಳಿದ್ದಕ್ಕೆ ಅಡಿಗೆರೆ ಒಂದು,
ಒಮ್ಮೆ ಮಾತ್ರ, ಮೆಲ್ಲಗೆ ಹೇಳಿದ್ದಕ್ಕೆ ಎರಡು.
'ಬಹುಶಃ' ಎಂದರೋ, ಅದನ್ನು ಮಾತ್ರ ಬಿಡಬೇಡ,
ಇಡೀ ವಾಕ್ಯ ಆ ಒಂದು ಮೊಳೆಗೆ ತೂಗಿದೆ.
ನನಗೇ ತಿಳಿಯದ್ದಕ್ಕೆ, ನಾಚಿಕೆ ಬಿಟ್ಟು, ಪ್ರಶ್ನೆಚಿಹ್ನೆ.
ಒಂದೊಂದು ಮಾತು ಕೈಬಿಟ್ಟಾಗಲೂ
ಗವಿಸಿದ್ದಯ್ಯ ಕನ್ನಡಕದ ಮೇಲಿಂದ ನೋಡಿದರು.
ನೋಡಲಿ.

ನವೆಂಬರಿನಲ್ಲಿ ಕಡಲ ದಂಡೆಯ ಪಾಠ.
ಹಿಮನದಿ ಬಿಟ್ಟುಹೋದ ಜೇಡಿಮಣ್ಣು,
ವರ್ಷಕ್ಕೆ ಎರಡು ಮೀಟರ್ ನೀರಿನ ಬಾಯಿಗೆ.
ಪರದೆಯ ಮೇಲೆ ಒಂದು ಟಾರು ರಸ್ತೆ, ನಡುವೆ ಬಿಳಿ ಗೆರೆ,
ಮುಂದೆ ಗಾಳಿ.
ಥ್ವೇಟ್ ನಮಗೆ ಬೆನ್ನು ಮಾಡಿ ಅದನ್ನೇ ನೋಡುತ್ತ ನಿಂತರು.
ಕೆರಿ ಮೊಣಕೈಯಿಂದ ತಿವಿದಳು: ತುಟಿ ಕಾಣುತ್ತಿಲ್ಲ, ಏನಂದರು?
ಏನೂ ಇಲ್ಲ, ತಲೆಯಾಡಿಸಿದೆ.
ಅವಳು ಪುಟದ ಮೇಲೆ ಬೆರಳು ಕುಟ್ಟಿದಳು, ಕುಟ್ಟಿದಳು.
ಬರೆದೆ: 'ಇಲ್ಲಿ ಸುಮ್ಮನಾದರು. ಅರ್ಧ ನಿಮಿಷ.'
ಕೋರ್ಟಿನ ಅಷ್ಟೂ ಕಟ್ಟುಗಳಲ್ಲಿ
ಇಂಥದೊಂದು ಸಾಲು ಬರೆದವಳಲ್ಲ ನಾನು.

ಮರುದಿನವೇ ತಿರುವಿ ನೋಡುವುದು ಅವಳ ಪದ್ಧತಿ,
ಮಾತು ಹಳಸುವ ಮೊದಲು.
ಪುಟ ತಂದು ತೋರಿಸಿದಳು. ಎಡಗಡೆ, ಹಸಿರು ಶಾಯಿ:
'ಈ ರಸ್ತೆಯಲ್ಲಿ ಸೈಕಲ್ ಕಲಿತೆ. ಗೆರೆಯ ಮೇಲೆ ಬಿದ್ದೆ.
ಎರಡು ಮೀಟರ್ ಸರಾಸರಿ ತಾನೆ?
ನಮ್ಮ ಕಡೆ ಒಂದೇ ರಾತ್ರಿಗೆ ಆರು ಹೋಯಿತು.
ಸರಾಸರಿ ಯಾರನ್ನು ಮುಚ್ಚಿಡುತ್ತದೆ? ಕೇಳಬೇಕು.'

ಕೊನೆಯ ಪದಗಳು ನನ್ನ ಗೀಟನ್ನು ಕೊರೆದು
ಬಲಕ್ಕೆ ನುಗ್ಗಿದ್ದವು.

ಮುಂದಿನ ವಾರ ಎರಡೂವರೆ ಇಂಚು ಬಿಟ್ಟೆ.